ಮಾರ್ಕ್ಸ್ ಕಾರ್ಡಿನ ಹಿಂದಿನ ಹೆಡ್‌ಮಾಸ್ಟ್ರು

📌 ಭಾಗ 1/5

ಹ್ವಾಯ್, 2021ರ ಬ್ಯಾಚಿನವರೇ, ನಮ್ಮ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ನೆನಪಿತ್ತಾ?

ಜುಲೈ 19. ಕಿರಿಮಂಜೇಶ್ವರದಲ್ಲಿ ಮಳೆ ಅಂದ್ರೆ ಮಳೆ. ಮಾಸ್ಕ್ ಹಾಕ್ಕೊಂಡು ದೂರ ದೂರ ಕೂತ್ಕೊಂಡು ಬರೆದದ್ದು. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ. ಎಲ್ಲ ಬಹುಆಯ್ಕೆ ಪ್ರಶ್ನೆ, ಓಎಂಆರ್ ಶೀಟಲ್ಲಿ ವೃತ್ತ ತುಂಬಿದ್ರೆ ಆಯ್ತು. ಯಾರನ್ನೂ ಫೇಲ್ ಮಾಡೋದಿಲ್ಲ ಅಂತ ಸರಕಾರ ಮೊದಲೇ ಹೇಳಿತ್ತು. ಆಗಸ್ಟ್ 9ಕ್ಕೆ ರಿಸಲ್ಟ್ ಬಂತು, ರಾಜ್ಯಕ್ಕೆ ಶೇ 99.9.

ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೂ ಖುಷಿಯೇ.

ಆಮೇಲೆ ಪಿಯುಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ತಕೊಂಡೆ. ಮೊದಲ ತಿಂಗಳಲ್ಲೇ ಗೊತ್ತಾಯ್ತು: ಸಮೀಕರಣದ ಈ ಬದಿಯ ಸಂಖ್ಯೆ ಆ ಬದಿಗೆ ಹೋದ್ರೆ ಚಿಹ್ನೆ ಎಂತಕೆ ಬದಲಾಗ್ತದೆ ಅಂತ ನನಗೆ ಗೊತ್ತೇ ಇಲ್ಲ. ಬದಲಾಗ್ತದೆ ಅಂತ ಮಾತ್ರ ಗೊತ್ತು. ನನ್ನ ಮಾರ್ಕ್ಸ್ ಕಾರ್ಡಿಗೆ ಈ ವಿಷಯ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಾಗಾದ್ರೆ ಶಾಲೆಯಲ್ಲಿ ಯಾರಿಗೆ ಗೊತ್ತಿರಬೇಕಿತ್ತು?

ಈ ಪ್ರಶ್ನೆ ಹಿಡ್ಕೊಂಡು ಹಿಂದೆ ಹಿಂದೆ ಹೋದೆ. ಅಲ್ಲಿ ಸಿಕ್ಕಿದ್ದನ್ನ ಐದು ಪೋಸ್ಟಲ್ಲಿ ಹೇಳ್ತೇನೆ. ಬನ್ನಿ.

📌 ಭಾಗ 2/5

ನಮ್ಮ ಕುಂದಾಪುರ ಕಡೆ 1956ರ ತನಕ ಮದ್ರಾಸಿಗೆ ಸೇರಿತ್ತು. ಹಾಗಾಗಿ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಕಥೆ ಶುರುವಾಗೋದು ಬೆಂಗಳೂರಿನಿಂದ ಅಲ್ಲ, ಮದ್ರಾಸಿನಿಂದ.

ಮೊದಲು ಇದ್ದದ್ದು ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್. ಅದೇ ಕಾಲದ ಒಂದು ಘಟನೆ ಕೇಳಿ. 1904ರಲ್ಲಿ ಕುಂಭಕೋಣದ ಟೌನ್ ಹೈಸ್ಕೂಲಿನ ಹೆಡ್‌ಮಾಸ್ಟರ್ ಕೃಷ್ಣಸ್ವಾಮಿ ಅಯ್ಯರ್ ಒಬ್ಬ ಹುಡುಗನಿಗೆ ಗಣಿತದ ಬಹುಮಾನ ಕೊಟ್ರು. ಪೂರ್ತಿ ಅಂಕಕ್ಕಿಂತಲೂ ಹೆಚ್ಚು ಕೊಡಬೇಕಾದ ಹುಡುಗ ಇವ ಅಂತ ಸಭೆಯಲ್ಲಿ ಹೇಳಿದ್ರು. ಆ ಹುಡುಗ ಶ್ರೀನಿವಾಸ ರಾಮಾನುಜನ್. ಸ್ವಲ್ಪ ಸಮಯದಲ್ಲೇ ಕಾಲೇಜಿನಲ್ಲಿ ಬೇರೆ ಸಬ್ಜೆಕ್ಟ್‌ಗಳಲ್ಲಿ ಫೇಲಾಗಿ ಅವರ ಸ್ಕಾಲರ್‌ಶಿಪ್ ಹೋಯ್ತು. ಪರೀಕ್ಷೆಗೆ ಕಾಣದ್ದು ಆ ಹೆಡ್‌ಮಾಸ್ಟ್ರಿಗೆ ಕಂಡಿತ್ತು.

1911ರ ಹೊತ್ತಿಗೆ ಮದ್ರಾಸಿನಲ್ಲಿ ಎಸ್ಸೆಸ್ಸೆಲ್ಸಿ ಬಂತು. ಅದು ಈಗಿನ ಹಾಗೆ ಒಂದು ಹಾಳೆ ಅಲ್ಲ, ಒಂದು ಪುಸ್ತಕ. ಪಬ್ಲಿಕ್ ಪರೀಕ್ಷೆಯ ಅಂಕದ ಜೊತೆಗೆ ಶಾಲೆಯಲ್ಲಿ ತೆಗೆದ ಅಂಕವೂ ಅದರಲ್ಲಿ ದಾಖಲು. ಅದಕ್ಕೆ ಹೆಡ್‌ಮಾಸ್ಟ್ರ ಸಹಿ. ಮೂರು ಗಂಟೆಯ ಪೇಪರ್ ಮಾತ್ರ ನಂಬಬೇಡಿ, ವರ್ಷಗಟ್ಟಲೆ ನೋಡಿದವರ ಮಾತೂ ಕೇಳಿ ಅನ್ನುವ ಯೋಚನೆ ಅದು.

ಈಗ ನಮ್ಮ ಗಣಿತದಲ್ಲಿ 80 ಅಂಕ ಪರೀಕ್ಷೆಗೆ, 20 ಆಂತರಿಕ ಅಂತ ಉಂಟಲ್ಲ, ಅದೂ ಅದೇ ಯೋಚನೆಯ ಮೊಮ್ಮಗು. ಆದ್ರೆ ನಿಮ್ಮ ಕ್ಲಾಸಲ್ಲಿ ಎಷ್ಟು ಜನರಿಗೆ 20ಕ್ಕೆ 19, 20 ಬಂದಿತ್ತು ಹೇಳಿ ಕಾಂಬ? ಎಲ್ಲರಿಗೂ ಒಂದೇ ಅಂಕ ಕೊಟ್ರೆ ಅದು ಯಾರ ಬಗ್ಗೆಯೂ ಎಂತದೂ ಹೇಳೋದಿಲ್ಲ.

📌 ಭಾಗ 3/5

1956ರಲ್ಲಿ ರಾಜ್ಯ ಒಂದಾಯ್ತು. ಹಳೇ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ನಾವು, ಹೀಗೆ ಬೇರೆ ಬೇರೆ ಆಡಳಿತದಲ್ಲಿ ಓದಿದ ಮಕ್ಕಳು ಒಂದೇ ರಾಜ್ಯದವರಾದ್ರು. ಎಲ್ಲರನ್ನೂ ಒಂದೇ ಅಳತೆಗೋಲಿಂದ ಅಳೆಯಲಿಕ್ಕೆ 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯ ಕಾಯ್ದೆ ಬಂತು. ಬೈಂದೂರಿನ ಮಗುವಿಗೂ ಬೀದರಿನ ಮಗುವಿಗೂ ಒಂದೇ ಪೇಪರ್. ಇದು ಸಣ್ಣ ವಿಷಯ ಅಲ್ಲ. ಹಳ್ಳಿಯವರ ಅಂಕಕ್ಕೂ ಪೇಟೆಯವರ ಅಂಕಕ್ಕೂ ಒಂದೇ ಬೆಲೆ ಸಿಕ್ಕಿದ್ದು ಹೀಗೆ.

ಆದ್ರೆ ಅಳತೆಗೋಲು ಬಂದ ಮೇಲೆ ಅಳತೆಗೆ ತಕ್ಕ ಹಾಗೆ ಹೊಲಿಯುವುದೂ ಬಂತು. 'ಪಾಸಿಂಗ್ ಪ್ಯಾಕೇಜ್' ಗೊತ್ತಲ್ಲ? ಥೇಲ್ಸ್ ಪ್ರಮೇಯ ಬಾಯಿಪಾಠ, ಸ್ಪರ್ಶಕ ರಚನೆ, ನಕ್ಷೆ, ಆಗಿನ ಪಾಸ್ ಅಂಕ 80ಕ್ಕೆ 28 ಹೇಗಾದರೂ ದಾಟಿಸೋದು. ತಪ್ಪು ಅಂತ ಪೂರ್ತಿ ಹೇಳಲಾರೆ, ಎಷ್ಟೋ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದರಿಂದ. ಆದ್ರೆ ಅದು ಜನವರಿಯ ಔಷಧ. ಕಾಯಿಲೆ ಶುರುವಾದದ್ದು ಎಂಟನೇ ಕ್ಲಾಸಿನ ಜೂನಲ್ಲಿ, ಭಿನ್ನರಾಶಿ ಮತ್ತು ಋಣ ಸಂಖ್ಯೆಯಲ್ಲಿ.

ಅದಕ್ಕೂ ನಮ್ಮಲ್ಲಿ ವ್ಯವಸ್ಥೆ ಉಂಟು ಮಾರಾಯ್ರೆ! ಶಾಲೆ ಶುರುವಾಗುವಾಗ ಸೇತುಬಂಧ. ಮೊದಲು ನೈದಾನಿಕ ಪರೀಕ್ಷೆ, ಹಿಂದಿನ ವರ್ಷದ್ದು ಎಷ್ಟು ಬರ್ತದೆ ನೋಡ್ಲಿಕ್ಕೆ. ಕೊನೆಗೆ ಸಾಫಲ್ಯ ಪರೀಕ್ಷೆ. ಹೆಡ್‌ಮಾಸ್ಟ್ರು ಆ ನೈದಾನಿಕ ಉತ್ತರಗಳನ್ನ ಗಣಿತ ಟೀಚರ್ ಜೊತೆ ಕೂತು ಓದಿದ್ರೆ ಅದು ಬಂಗಾರ. ಫೈಲಿಗೆ ಹಾಕಿ ಕಟ್ಟಿಟ್ರೆ ರದ್ದಿ.

📌 ಭಾಗ 4/5

ನಾನು ಕಂಡದ್ದು ಒಂದು ಹೇಳ್ತೇನೆ.

ಒಂಬತ್ತನೇ ಕ್ಲಾಸಲ್ಲಿ ನಮಗೆ ಗಣಿತ ಕೊನೇ ಪೀರಿಯಡ್, ಆಟದ ನಂತರ. ಮೈಯೆಲ್ಲ ಬೆವರು, ತಲೆ ಖಾಲಿ. ಒಂದು ದಿನ ಹೆಡ್‌ಮಾಸ್ಟ್ರು ಬಂದು ಕೊನೇ ಬೆಂಚಲ್ಲಿ ನನ್ನ ಪಕ್ಕ ಕೂತ್ರು. ನಮ್ಮ ಮಾಸ್ಟ್ರನ್ನ ನೋಡಲೇ ಇಲ್ಲ, ನಮ್ಮ ರಫ್ ಪುಸ್ತಕ ನೋಡಿದ್ರು. ಮರುವಾರ ಟೈಮ್‌ಟೇಬಲ್ ಬದಲಾಯ್ತು, ಗಣಿತ ಎರಡನೇ ಪೀರಿಯಡ್ಡಿಗೆ. ಗಣಿತ ಮಾಸ್ಟ್ರ ಕೈಲಿದ್ದ ಲೆಕ್ಕಪತ್ರದ ಕೆಲಸ ಬೇರೆಯವರಿಗೆ ಹೋಯ್ತು. ಆ ಸಮಯದಲ್ಲಿ ಮಾಸ್ಟ್ರು ನಮ್ಮ ತಪ್ಪುಗಳನ್ನೇ ಬೋರ್ಡಲ್ಲಿ ಬರೆದು ಬಿಡಿಸಲಿಕ್ಕೆ ಶುರುಮಾಡಿದ್ರು. ನನಗೆ ಗಣಿತ ಸ್ವಲ್ಪ ಹಿಡಿದದ್ದು ಆ ನಾಲ್ಕು ತಿಂಗಳಲ್ಲಿ.

ಆಮೇಲೆ 2020ರ ಮಾರ್ಚ್. ವಾರ್ಷಿಕ ಪರೀಕ್ಷೆ ಇಲ್ಲದೆ ಹತ್ತಕ್ಕೆ ಪಾಸು. ಹತ್ತನೇ ಕ್ಲಾಸು ಚಂದನ ಟಿವಿ, ವಾಟ್ಸಾಪ್, ವಿದ್ಯಾಗಮ ಅಂತ ಚೂರು ಚೂರಾಗಿ ಹೋಯ್ತು. ಶಾಲೆ ಬಾಗಿಲು ತೆಗೆದದ್ದು 2021ರ ಜನವರಿ 1ಕ್ಕೆ. ತಪ್ಪು ಯಾರದ್ದೂ ಅಲ್ಲ. ಆದ್ರೆ ಪಿಯುಸಿಗೆ ಹೋದಾಗ ನಮಗೆ ಯಾರೂ ಒಂದು ನೈದಾನಿಕ ಪರೀಕ್ಷೆ ಕೊಡಲಿಲ್ಲ. 99.9ರ ಒಳಗೆ ಎಷ್ಟು ಖಾಲಿ ಉಂಟು ಅಂತ ಯಾರೂ ಕೇಳಲಿಲ್ಲ.

📌 ಭಾಗ 5/5

ಈಗ ತಮ್ಮ ತಂಗಿಯರ ಕಾಲಕ್ಕೆ ಬನ್ನಿ.

2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳೀತು, ಅದೂ ಶೇ 20ರಷ್ಟು ಗ್ರೇಸ್ ಅಂಕ ಕೊಟ್ಟ ಮೇಲೆ. ನಮ್ಮ ಉಡುಪಿ ಶೇ 94 ತೆಗೆದು ಮೊದಲ ಸ್ಥಾನ. ಯಾದಗಿರಿ ಶೇ 50.59, ಕೊನೆ. 2025ರಲ್ಲಿ ಗ್ರೇಸ್ ತೆಗೆದ್ರು, ಉಡುಪಿ ಎರಡನೇ ಸ್ಥಾನಕ್ಕೆ ಬಂತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದಿತ್ತು, ಆಮೇಲೆ ಪಾಸ್ ಅಂಕ ಶೇ 35ರಿಂದ 33ಕ್ಕೆ.

ನಾವು ಮೊದಲು ಅಂತ ಸ್ಟೇಟಸ್ ನಾನೂ ಹಾಕಿದ್ದೆ. ಆದ್ರೆ ಬಿಕಾಂನಲ್ಲಿ ಕಲಿತದ್ದು ಒಂದು: ಬ್ಯಾಲೆನ್ಸ್ ಶೀಟ್ ನೋಡಿದ್ರೆ ನಷ್ಟ ಉಂಟು ಅಂತ ಗೊತ್ತಾಗ್ತದೆ, ಯಾವ ಅಂಗಡಿಯಲ್ಲಿ ಯಾವ ದಿನ ಸೋರಿತು ಅಂತ ಗೊತ್ತಾಗಬೇಕಾದ್ರೆ ಲೆಡ್ಜರ್ ತೆಗೀಬೇಕು. ಶೇಕಡಾ ಅಂದ್ರೆ ಬ್ಯಾಲೆನ್ಸ್ ಶೀಟ್. ಮಕ್ಕಳ ಉತ್ತರಪತ್ರಿಕೆಯೇ ಲೆಡ್ಜರ್.

ನೂರು ವರ್ಷದಲ್ಲಿ ಪರೀಕ್ಷೆಯ ಹೆಸರು, ಮಂಡಳಿ, ಅಂಕ, ಕ್ಯಾಮೆರಾ ಎಲ್ಲ ಬದಲಾಯ್ತು. ಬದಲಾಗದ್ದು ಒಂದೇ. ಲೆಡ್ಜರ್ ತೆಗೆಯುವ ಅಧಿಕಾರ, ಟೈಮ್‌ಟೇಬಲ್ ಬದಲಿಸುವ ಅಧಿಕಾರ, ಗಣಿತ ಟೀಚರಿಗೆ ಸಮಯ ಉಳಿಸಿ ಕೊಡುವ ಅಧಿಕಾರ ಎಲ್ಲ ಇರೋದು ಹೆಡ್‌ಮಾಸ್ಟ್ರ ಕುರ್ಚಿಯಲ್ಲಿ.

ನನ್ನ ಚಿಕ್ಕಮ್ಮನ ಮಗಳು ಈಗ ಎಂಟನೇ ಕ್ಲಾಸು. ಮೊನ್ನೆ ಅವಳ ಪುಸ್ತಕ ತೆಗೆದೆ. −3 ರಿಂದ −5 ಕಳೆದು −8 ಅಂತ ಬರೆದಿದ್ಲು. ಸರಿ ಮಾಡುವ ಮೊದಲು, ಹಾಗೆ ಎಂತಕೆ ಬರೆದೆ ಅಂತ ಕೇಳಿದೆ. ಅವಳು ಹೇಳಿದ್ದು ನನ್ನ ಹಳೇ ತಪ್ಪೇ. ಅರ್ಧ ಗಂಟೆ ಬೇಕಾಯ್ತು, ಅಷ್ಟೇ.

ನಿಮ್ಮ ಊರ ಶಾಲೆಯ ಎಸ್‌ಡಿಎಂಸಿ ಮೀಟಿಂಗಿಗೆ ಅಪ್ಪನೋ ಅಮ್ಮನೋ ಹೋಗುವಾಗ ಒಂದು ಪ್ರಶ್ನೆ ಕಳಿಸಿ ಕೊಡಿ: "ಸರ್, ಈ ವರ್ಷದ ನೈದಾನಿಕ ಪರೀಕ್ಷೆಯಲ್ಲಿ ಮಕ್ಕಳು ಯಾವ ಲೆಕ್ಕ ಹೆಚ್ಚು ತಪ್ಪಿದ್ರು?" ಉತ್ತರ ಗೊತ್ತಿರುವ ಹೆಡ್‌ಮಾಸ್ಟ್ರು ಸಿಕ್ಕಿದ್ರೆ ಕೈ ಮುಗೀರಿ.

ಹತ್ತನೇ ಕ್ಲಾಸಿನ ತಮ್ಮ ತಂಗಿಯರಿಗೆ ಶೇರ್ ಮಾಡಿ. 🙏

#ಕಿರಿಮಂಜೇಶ್ವರ #ಬೈಂದೂರು #ನಮ್ಮಕುಂದಾಪುರ #ಎಸ್ಸೆಸ್ಸೆಲ್ಸಿ #ಗಣಿತ #2021ಬ್ಯಾಚ್