ಎಲೆಯ ಕೊಟ್ಟೆಯಿಂದ ಹಾಳೆಯ ತಟ್ಟೆಗೆ

ಸೊರಬ, ಸಾಗರ, ಸಿರಸಿ ಸೀಮೆಯ ಅಂಗಡಿಗಳಲ್ಲಿ ಇಂದು 'ಕೊಟ್ಟೆ' ಎಂದರೆ ಪ್ಲಾಸ್ಟಿಕ್ ಚೀಲ. ಎರಡು ತಲೆಮಾರಿನ ಹಿಂದೆ ಕೊಟ್ಟೆಯೆಂದರೆ ಎಲೆಯನ್ನು ಮಡಚಿ, ಕಡ್ಡಿ ಚುಚ್ಚಿ ಮಾಡಿದ ಬಟ್ಟಲು. ಕೊಟ್ಟೆಕಡುಬು ಎಂಬ ತಿಂಡಿಯ ಹೆಸರಿನಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದುಕೊಂಡಿದೆ. ವಸ್ತು ಬದಲಾದರೂ ಹೆಸರು ಬದಲಾಗಲಿಲ್ಲ. ಹೊಸಬಾಳೆಯಂಥ ಮಲೆನಾಡಿನ ಸೆರಗಿನ ಊರುಗಳು ಆಹಾರವನ್ನು ಕಟ್ಟಿಡುತ್ತಿದ್ದ ಬಗೆ ಹೇಗೆ ಬದಲಾಯಿತು ಎಂಬುದು ಈ ಒಂದು ಪದದಲ್ಲಿಯೇ ಅಡಗಿದೆ.

ಪ್ಲಾಸ್ಟಿಕ್ಕಿಗೆ ಬದಲಿಯಾಗಿ ಸಸ್ಯಮೂಲದ ಹೊದಿಕೆ, ಆಹಾರ ಕೆಡದಂತೆ ತಡೆಯುವ ಸಸ್ಯಸಾರದ ಲೇಪ – ಇವುಗಳ ಬಗ್ಗೆ ಈಗ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಸಂಶೋಧನೆ ನಡೆದಿದೆ. ಅಡಿಕೆ ನಾಡಿಗೆ ಇವೆರಡೂ ಅಪರಿಚಿತವಲ್ಲ.

<b>ಗೊನೆಗೂ ಕೊಟ್ಟೆ</b>

ಮಳೆಗಾಲದಲ್ಲಿ ಅಡಿಕೆಯನ್ನು ಕಾಡುವ ಕೊಳೆರೋಗಕ್ಕೆ ಹಿಂದೆ ಇದ್ದ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟುವುದು. ಮರವೇರಿ ಒಂದೊಂದು ಗೊನೆಗೂ ಹೊದಿಕೆ ಕಟ್ಟಿ ಮಳೆನೀರು ತಾಗದಂತೆ ಮಾಡುತ್ತಿದ್ದರು. ಮೈಸೂರು ಸರ್ಕಾರದ ಸಸ್ಯರೋಗ ತಜ್ಞರಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆ ಆ ಬಳಿಕ ಹಬ್ಬಿತು. ಕೊಟ್ಟೆ ಕಟ್ಟುವ ಪದ್ಧತಿ ಹಿಂದೆ ಸರಿಯಿತು.

<b>ಚೊಗರಿನ ಗುಟ್ಟು</b>

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬನವಾಸಿ, ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳ ಮಾರ್ಗವಾಗಿ ಹಾದುಹೋದಾಗ ಈ ಸೀಮೆಯ ಅಡಿಕೆ ತೋಟಗಳನ್ನೂ ವ್ಯಾಪಾರವನ್ನೂ ವಿವರವಾಗಿ ದಾಖಲಿಸಿದ. ಇಲ್ಲಿನ ಕೆಂಪಡಿಕೆಯ ವಿಶೇಷವಿರುವುದು ಬೇಯಿಸುವ ಹಂಡೆಯಲ್ಲಿ. ಎಳೆಯ ಅಡಿಕೆಯನ್ನು ಸುಲಿದು ನೀರಿನಲ್ಲಿ ಕುದಿಸಿದಾಗ ಕೆಂಪು ಒಗರು ರಸ ಬಿಡುತ್ತದೆ. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿದಂತೆ ರಸ ಗಟ್ಟಿಯಾಗುತ್ತದೆ. ಅದೇ ಚೊಗರು. ಅದನ್ನು ಕಾಯ್ದಿಟ್ಟು ಮುಂದಿನ ಬೇಯಿಸುವಿಕೆಗೆ ಬೆರೆಸುತ್ತಾರೆ. ಒಣಗಿದ ಅಡಿಕೆಯ ಮೇಲೆ ಅದರ ತೆಳು ಲೇಪ ನಿಲ್ಲುತ್ತದೆ. ಹೆಗ್ಗೋಡು ಬಳಿಯ 'ಚರಕ' ಸಂಸ್ಥೆಯ ಮಹಿಳೆಯರು ಇದೇ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಕಟ್ಟುತ್ತಾರೆ.

ಬೆಳೆಗಾರನಿಗೆ ಬೇಕಾಗಿದ್ದುದು ಬಣ್ಣ, ಹೊಳಪು ಮತ್ತು ಅದರಿಂದ ಸಿಗುವ ಧಾರಣೆ. ಆದರೆ ಚೊಗರಿನ ಜೀವಾಳವಾದ ಟ್ಯಾನಿನ್, ಪಾಲಿಫಿನಾಲ್ ಗುಂಪಿಗೆ ಸೇರಿದ್ದು. ಇಂದಿನ ಸಂಶೋಧಕರು ಹೊದಿಕೆಗಳಿಗೆ ಬೆರೆಸಲು ಹುಡುಕುತ್ತಿರುವ ಸಸ್ಯಸಾರಗಳು ಬಹುಪಾಲು ಈ ಗುಂಪಿನವೇ.

ಇವುಗಳ ಕೆಲಸ ಹೇಗೆ? ಹಳೆಯ ಎಣ್ಣೆ, ಕರಿದ ತಿಂಡಿ ಕಮಟು ಹಿಡಿಯುವುದು ಗಾಳಿಯ ಆಮ್ಲಜನಕದಿಂದ. ಕೊಬ್ಬಿನ ಒಂದು ಅಣು ಕೆಟ್ಟರೆ ಅದು ಪಕ್ಕದ ಅಣುವನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಪಾಲಿಫಿನಾಲ್ ತನ್ನಲ್ಲಿರುವ ಜಲಜನಕವನ್ನು ಬಿಟ್ಟುಕೊಟ್ಟು ಈ ಸರಪಳಿಯನ್ನು ನಡುವೆಯೇ ತುಂಡರಿಸುತ್ತದೆ. ಇಂಥ ಗುಣವುಳ್ಳದ್ದನ್ನು ಉತ್ಕರ್ಷಣ ನಿರೋಧಕ ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸಕ್ಕೆ ಬಿಎಚ್‌ಎ, ಬಿಎಚ್‌ಟಿ ಎಂಬ ಕೃತಕ ರಾಸಾಯನಿಕಗಳು ಬಂದವು. ಈಗ ಚಹಾ ಸೊಪ್ಪು, ದಾಳಿಂಬೆ ಸಿಪ್ಪೆ ಮುಂತಾದವುಗಳ ಸಾರವನ್ನು ಪಿಷ್ಟದ ಪದರಕ್ಕೆ, ಸೀಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್ ಪದರಕ್ಕೆ ಬೆರೆಸಿ ನೋಡುತ್ತಿದ್ದಾರೆ. ತೇವ ತಾಗಿದರೆ ಸಡಿಲಾಗುವುದು ಪಿಷ್ಟದ ಪದರದ ದೊಡ್ಡ ಕೊರತೆ. ಪ್ಲಾಸ್ಟಿಕ್ ಗೆದ್ದಿರುವುದು ಇಲ್ಲಿಯೇ: ಅದು ಅಗ್ಗ, ಹಗುರ, ನೀರಿಗೆ ಜಗ್ಗದು.

<b>ಹಾಳೆಗೆ ಬಂದ ಕಾಲ</b>

ತಾನಾಗಿ ಉದುರುವ ಅಡಿಕೆ ಹಾಳೆ ಹಿಂದೆ ಟೋಪಿಯಾಗಿತ್ತು, ಹಸುಗೂಸನ್ನು ಮೀಯಿಸುವ ಹಾಸಾಗಿತ್ತು. ಅದನ್ನು ನೀರಿನಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಅಂಟು ಬೇಡ, ಬಣ್ಣ ಬೇಡ. ಕರ್ನಾಟಕದಲ್ಲಿ 2016ರಲ್ಲಿ ಬಂದ ಪ್ಲಾಸ್ಟಿಕ್ ನಿಷೇಧ, 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಯಾದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ-ಲೋಟಗಳ ನಿಷೇಧ, ಇವೆರಡೂ ಹಾಳೆ ತಟ್ಟೆಗೆ ಅನುಕೂಲವಾದವು. ಸಣ್ಣ ಘಟಕಗಳ ತಟ್ಟೆ ಕಡಲಾಚೆಗೂ ಹೋಯಿತು.

ಪೆಟ್ಟು ಬಿದ್ದದ್ದು 2025ರ ಮೇ ತಿಂಗಳಲ್ಲಿ. ಅಡಿಕೆ ಹಾಳೆಯಲ್ಲಿರುವ ಅರೆಕೋಲಿನ್ ಮುಂತಾದ ಕ್ಷಾರಾಂಶಗಳು ಆಹಾರಕ್ಕೆ ಇಳಿಯಬಹುದೆಂದು ಹೇಳಿದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಹಾಳೆಯ ಊಟದ ಸಾಮಾನುಗಳ ಬಳಕೆ ಸಲ್ಲದೆಂದು ಎಚ್ಚರಿಸಿತು. ಈ ಶಂಕೆಗೆ ಹಿನ್ನೆಲೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತ್ತು. ಆದರೆ ಅದು ಅಗಿಯುವ ಅಡಿಕೆಯ ಮಾತು. ಹಾಳೆ ಅಡಿಕೆಯಲ್ಲ; ಊಟ ಮಾಡುವುದು ಅಗಿಯುವುದಲ್ಲ. ಹಾಗೆಂದು 'ಅಜ್ಜನ ಕಾಲದಿಂದ ಇದೆ' ಎಂಬುದೊಂದೇ ಪುರಾವೆಯಾಗದು. ಅಜ್ಜ ಹಾಳೆಯನ್ನು ತಲೆಗೆ ಹಾಕಿಕೊಂಡ. ಅದರ ಮೇಲೆ ಬಿಸಿ ಸಾರು ಸುರಿದು ದಿನವೂ ಉಂಡವನಲ್ಲ.

ಇಲ್ಲಿ ತೀರ್ಪು ಹೇಳಬೇಕಾದದ್ದು ಅಳತೆ. ಬಿಸಿ ಸಾರು, ಹುಳಿ ಮಜ್ಜಿಗೆ, ಎಣ್ಣೆ ಪಲ್ಯ ಬಡಿಸಿದಾಗ ಹಾಳೆಯಿಂದ ಏನು ಇಳಿಯುತ್ತದೆ, ಎಷ್ಟು ಇಳಿಯುತ್ತದೆ? ಇಂಥ ಪ್ರಶ್ನೆಗಾಗಿಯೇ 1950ರಿಂದ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಅಡಿಕೆಯನ್ನು ಬಲ್ಲ ಸಿಪಿಸಿಆರ್‌ಐ ಕಾಸರಗೋಡಿನಲ್ಲಿದೆ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಅಂಕಿಅಂಶಗಳೊಂದಿಗೆ ತಿಳಿಸಿದರೆ ತಟ್ಟೆ ಒತ್ತುವವನಿಗೂ ಉಣ್ಣುವವನಿಗೂ ಹಾದಿ ಸ್ಪಷ್ಟವಾಗುತ್ತದೆ.

ಚೊಗರಿನ ಪಾಲಿಫಿನಾಲೂ ಅರೆಕೋಲಿನ್ ಕೂಡ ಒಂದೇ ಮರದ ಫಲ. ಗಿಡದಿಂದ ಬಂದದ್ದೆಲ್ಲ ಅಮೃತವೂ ಅಲ್ಲ, ವಿಷವೂ ಅಲ್ಲ. ಪ್ಲಾಸ್ಟಿಕ್ ಕೊಟ್ಟೆಯನ್ನು ಮನೆಗೆ ಬಿಟ್ಟುಕೊಳ್ಳುವಾಗ ನಾವು ಏನನ್ನೂ ಕೇಳಲಿಲ್ಲ. ಅದರ ಜಾಗಕ್ಕೆ ಬರುವುದನ್ನಾದರೂ ಕೇಳಿ, ಪರೀಕ್ಷಿಸಿ ಬಿಟ್ಟುಕೊಳ್ಳುವುದು ಲೇಸು.