ಸೇನಾ ನೆಲೆಗಳ ಕಿರು ಅಣುಸ್ಥಾವರ

ದೂರದ ಸೇನಾ ನೆಲೆಗಳಿಗೆ ಡೀಸೆಲ್ ಸಾಗಿಸುವ ಖರ್ಚು, ಅಪಾಯ ತಪ್ಪಿಸಲು ರೂಪಿಸಿದ ಕೆಲವೇ ಮೆಗಾವಾಟ್ ಸಾಮರ್ಥ್ಯದ ಪರಮಾಣು ವಿದ್ಯುತ್ ಘಟಕ. ಅಮೆರಿಕದ ಭೂಸೇನೆ 1957ರಲ್ಲಿ ವರ್ಜೀನಿಯಾದಲ್ಲಿ ಮೊದಲನೆಯದನ್ನು ನಡೆಸಿತು. ಗ್ರೀನ್‌ಲ್ಯಾಂಡಿನ ಹಿಮದಡಿಯ ಕ್ಯಾಂಪ್ ಸೆಂಚುರಿಗೂ 1960ರ ದಶಕದ ಆರಂಭದಲ್ಲಿ ಇಂಥದೇ ಘಟಕ ವಿದ್ಯುತ್ ಒದಗಿಸಿತು. 1961ರ ಜನವರಿ 3ರಂದು ಇಡಾಹೊದ ಎಸ್‌ಎಲ್-1 ಎಂಬ ಇಂಥದೇ ಘಟಕದಲ್ಲಿ ನಡುವಣ ನಿಯಂತ್ರಣ ದಂಡವನ್ನು ಕೈಯಿಂದ ಮಿತಿಮೀರಿ ಮೇಲೆಳೆದಾಗ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಸಿಡಿದು ಮೂವರು ಸತ್ತರು. ಒಂದೇ ದಂಡದ ಮೇಲೆ ಅಷ್ಟೊಂದು ಅವಲಂಬಿಸಿದ್ದು ವಿನ್ಯಾಸದ ಗಂಭೀರ ದೋಷವೇ ಸರಿ. 1970ರ ದಶಕದಲ್ಲಿ ನಿಂತ ಅಮೆರಿಕದ ಈ ಪ್ರಯತ್ನ ಈಗ ‘ಪ್ರಾಜೆಕ್ಟ್ ಪೆಲೆ’ ಎಂಬ ಯೋಜನೆಯಾಗಿ ಮರುಜೀವ ಪಡೆದಿದೆ. ಕರ್ನಾಟಕದಲ್ಲಿ ಕಾರವಾರದ ಕದಂಬ ನೌಕಾನೆಲೆಯೂ ಕೈಗಾ ಅಣುಸ್ಥಾವರವೂ ಒಂದೇ ಜಿಲ್ಲೆಯಲ್ಲಿವೆ. ಆದರೆ ಕೈಗಾ ಇಂಥ ಸೇನಾ ಘಟಕವಲ್ಲ; ಅದರ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳ ವಿದ್ಯುತ್ ಸೇರುವುದು ಸಾರ್ವಜನಿಕ ಜಾಲಕ್ಕೆ.