ಲೋಕಪಾವನಿ

ಮಂಡ್ಯ ಜಿಲ್ಲೆಯ ಒಂದು ಕಿರುಹೊಳೆ, ಕಾವೇರಿಯ ಎಡದಂಡೆಯ ಉಪನದಿ. ನಾಗಮಂಗಲ ಸೀಮೆಯಲ್ಲಿ ಹುಟ್ಟಿ, ಪಾಂಡವಪುರ ತಾಲ್ಲೂಕಿನ ಗದ್ದೆಬಯಲುಗಳನ್ನು ಹಾದು, ಶ್ರೀರಂಗಪಟ್ಟಣಕ್ಕೆ ಮೂಡಲಲ್ಲಿರುವ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಗುಡ್ಡದ ಮೇಲೆ ಶ್ರೀನಿವಾಸನ ಗುಡಿಯಿದೆ. ಬೆಟ್ಟ ಹತ್ತುವ ಭಕ್ತರಿಗೆ ಈ ಹೊಳೆ ಪುಣ್ಯತೀರ್ಥ. ಚರಿತ್ರೆಯಲ್ಲಿ ಇದರ ಗುರುತು ಮೂರನೆಯ ಮೈಸೂರು ಯುದ್ಧದ್ದು.

1791ರ ಮೇ 15ರಂದು ಅರಕೆರೆಯ ಬಳಿ ಟಿಪ್ಪು ಸುಲ್ತಾನನ ಸೈನ್ಯವನ್ನು ಹಿಮ್ಮೆಟ್ಟಿಸಿದರೂ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನಿಗೆ ಶ್ರೀರಂಗಪಟ್ಟಣವನ್ನು ಮುತ್ತಲಾಗಲಿಲ್ಲ. ದವಸವಿರಲಿಲ್ಲ, ಎತ್ತುಗಳು ಸತ್ತಿದ್ದವು. ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಮರಳಿದ. ಮತ್ತೆ ಹೊರಡುವ ಮುನ್ನ ಬೆನ್ನ ಹಿಂದಿನ ಗಿರಿದುರ್ಗಗಳನ್ನು ಹಿಡಿಯಬೇಕಿತ್ತು. ಚಿಕ್ಕಬಳ್ಳಾಪುರದ ನಂದಿದುರ್ಗ ಅಕ್ಟೋಬರ್ 19ರಂದು ಬಿದ್ದದ್ದು ಆ ಲೆಕ್ಕಾಚಾರದಲ್ಲೇ. ಅಲ್ಲಿ ಕೊನೆಯ ಲಗ್ಗೆಯ ಮುಂದಾಳಾಗಿದ್ದ ಜನರಲ್ ಮೆಡೋಸ್ ಮರುವರ್ಷ ಲೋಕಪಾವನಿಯ ಬಯಲಲ್ಲೂ ಇದ್ದ.

ಕಾವೇರಿಯ ಬಡಗಣ ದಂಡೆಯಲ್ಲಿ ದಟ್ಟ ಮುಳ್ಳುಬೇಲಿಯ ಒಳಗೆ ಟಿಪ್ಪುವಿನ ದಂಡು ಬೀಡುಬಿಟ್ಟಿತ್ತು. ಆ ಬೀಡಿನ ಬಲತುದಿ ಕರಿಘಟ್ಟ. ಅದರ ಮಗ್ಗುಲಲ್ಲಿ ಹರಿಯುವ ಲೋಕಪಾವನಿ, ಸುತ್ತಲಿನ ಕಾಲುವೆ ಮತ್ತು ಕೆಸರುಗದ್ದೆಗಳ ಜೊತೆಗೂಡಿ, ಯಾರೂ ತೋಡದ ಕಂದಕವಾಗಿತ್ತು. 1792ರ ಫೆಬ್ರುವರಿ 6ರ ರಾತ್ರಿ ಬ್ರಿಟಿಷರು ಮೂರು ಸಾಲಾಗಿ ನುಗ್ಗಿದರು. ಎಡಸಾಲಿನ ಮ್ಯಾಕ್ಸ್‌ವೆಲ್ ಗುಡ್ಡವನ್ನು ಬೇಗನೆ ಹಿಡಿದ. ಇಳಿದು ಬರುವಾಗಲೇ ತೊಡಕು. ಕಾಲುವೆಯ ಮರೆಯಿಂದ ಬಂದ ಗುಂಡುಗಳ ನಡುವೆ ಹೊಳೆಯನ್ನು ದಾಟಬೇಕಾಯಿತು. ಮುಂದೆ ಕಾವೇರಿಯಲ್ಲಿ ನೀರು ಆಳವಾಗಿತ್ತು, ಮೊದಲು ಇಳಿದವರ ತೋಟಾಗಳೆಲ್ಲ ನೆನೆದುಹೋದವು. ಬಲಸಾಲಿನ ಮೆಡೋಸ್ ಈದ್ಗಾ ಬತ್ತೇರಿಯಲ್ಲಿ ಅಪಾರ ನಷ್ಟ ಅನುಭವಿಸಿ, ಕತ್ತಲೆಯಲ್ಲಿ ಕಾರ್ನ್‌ವಾಲಿಸನನ್ನು ಕಾಣದೆ ಕರಿಘಟ್ಟದತ್ತ ಬಂದುಬಿಟ್ಟ. ನಂದಿಯನ್ನು ಗೆದ್ದವನಿಗೆ ಬಯಲಿನ ಇರುಳು ಒಲಿಯಲಿಲ್ಲ.

ಇಂಗ್ಲಿಷ್ ವರದಿಗಳಲ್ಲಿ ಗುಡ್ಡಕ್ಕೆ ಸಿಕ್ಕ ಮಾತು ಹೊಳೆಗೆ ಸಿಕ್ಕಿಲ್ಲ. ಆದರೂ ಆ ರಾತ್ರಿಯ ನಡೆಗಳನ್ನು ನಕ್ಷೆಯಲ್ಲಿ ಹುಡುಕುವವರು ಮೊದಲು ಈ ನೀರಗೆರೆಯನ್ನೇ ಗುರುತಿಸಿಕೊಳ್ಳುವುದು ಲೇಸು. ಆ ಸೋಲಿನ ಬಳಿಕ ಮಾರ್ಚ್‌ನಲ್ಲಾದ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ.

1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಲೋಕಪಾವನಿಗೆ ಕೆಲಸವಿರಲಿಲ್ಲ. ಜನರಲ್ ಹ್ಯಾರಿಸನ ಸೈನ್ಯ ಪಡುವಣದಿಂದ ಬಂದು, ಮೇ 4ರಂದು ಆ ಕಡೆಯ ಗೋಡೆಯ ಬಿರುಕಿನಿಂದಲೇ ಕೋಟೆ ಹೊಕ್ಕಿತು.